ಹೊಟ್ಟೆಯೊಳಗಿನ ಲೆಕ್ಕಪತ್ರ

ಈ ಸಂಚಿಕೆಗೆ ನಾನು ಬ್ಯಾಕ್ಟೀರಿಯಾಗಳ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳೆಯರು ನಕ್ಕರು. "ನೀನು ಕಾಮರ್ಸ್. ಅದು ಸೈನ್ಸ್‌ನವರ ವಿಷಯ ಅಲ್ವಾ?" ಎಂದು ಕೇಳಿದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ನಮ್ಮ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳನ್ನು ಅರ್ಥ ಮಾಡಿಕೊಳ್ಳಲು ಇಂದು ಸೂಕ್ಷ್ಮದರ್ಶಕ ಎಷ್ಟು ಬೇಕೋ ಲೆಕ್ಕವೂ ಅಷ್ಟೇ ಬೇಕು. ಆ ಲೆಕ್ಕದ ಬಹುಪಾಲು ನಾವು ಸಂಖ್ಯಾಶಾಸ್ತ್ರ ಮತ್ತು ಅಕೌಂಟೆನ್ಸಿ ತರಗತಿಯಲ್ಲಿ ಕಲಿಯುವ ಶೇಕಡಾ, ಅನುಪಾತ, ಸಂಭವನೀಯತೆಗಳೇ. ಗಣಿತ ಓದಿ ಜೀವವಿಜ್ಞಾನಕ್ಕೆ ಬಂದವರು ಈ ಕ್ಷೇತ್ರದಲ್ಲಿ ಹಲವರಿದ್ದಾರೆ. ಅವರು ಬಳಸುವ ಒಂದು ಮುಖ್ಯ ಸೂತ್ರವನ್ನು ಕೊಟ್ಟವರು ನಮ್ಮ ಪಕ್ಕದ ಊರಿನಲ್ಲಿ ಹುಟ್ಟಿದವರು.

ಮೈಕ್ರೋಬಯೋಮ್ ಎಂದರೇನು?

ನಮ್ಮ ಚರ್ಮ, ಬಾಯಿ, ಮೂಗು ಮತ್ತು ಮುಖ್ಯವಾಗಿ ದೊಡ್ಡ ಕರುಳಿನಲ್ಲಿ ಅಸಂಖ್ಯ ಬ್ಯಾಕ್ಟೀರಿಯಾಗಳು ಮತ್ತು ಇತರ ಸೂಕ್ಷ್ಮಜೀವಿಗಳು ವಾಸವಾಗಿವೆ. ಈ ಇಡೀ ಸಮುದಾಯವನ್ನು, ಅದರ ಜೀನ್‌ಗಳ ಸಮೇತ, ಮೈಕ್ರೋಬಯೋಮ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಶತ್ರುಗಳಲ್ಲ. ನಾವು ಜೀರ್ಣಿಸಿಕೊಳ್ಳಲಾಗದ ನಾರಿನಂಶವನ್ನು ಅವು ಒಡೆಯುತ್ತವೆ, ಕೆಲವು ಜೀವಸತ್ವಗಳನ್ನು ತಯಾರಿಸುತ್ತವೆ, ರೋಗಾಣುಗಳಿಗೆ ಜಾಗ ಸಿಗದಂತೆ ನೋಡಿಕೊಳ್ಳುತ್ತವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿರುವುದು ಬ್ಯಾಕ್ಟೀರಿಯಾಗಳಿಂದ ಎಂದು ನಮಗೆಲ್ಲ ಗೊತ್ತು. ಅಂಥದ್ದೇ ಕೆಲಸ ನಮ್ಮ ಕರುಳಿನಲ್ಲಿ ಹಗಲು ರಾತ್ರಿ ನಡೆಯುತ್ತಿದೆ.

ಅವು ಎಷ್ಟಿವೆ? ಇಲ್ಲಿಂದಲೇ ಲೆಕ್ಕದ ಕಥೆ ಶುರುವಾಗುತ್ತದೆ.

ಆಡಿಟ್ ಆಗದ ಒಂದು ಸಂಖ್ಯೆ

"ಮನುಷ್ಯನ ದೇಹದಲ್ಲಿ ಅವನ ಸ್ವಂತ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ" ಎಂಬ ಮಾತನ್ನು ಬಹಳ ಪುಸ್ತಕಗಳಲ್ಲಿ ಓದಬಹುದು. ಇದರ ಮೂಲ ಅಮೆರಿಕದ ವಿಜ್ಞಾನಿ ಥಾಮಸ್ ಲಕಿ 1972ರಲ್ಲಿ ಮಾಡಿದ ಒಂದು ಅಂದಾಜು. ಒಂದು ಗ್ರಾಂ ಕರುಳಿನ ವಸ್ತುವಿನಲ್ಲಿ ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ, ಅಂಥ ವಸ್ತು ಒಟ್ಟು ಒಂದು ಕಿಲೋ. ಗುಣಿಸಿದರೆ ನೂರು ಲಕ್ಷ ಕೋಟಿ. ದೇಹದ ಜೀವಕೋಶಗಳು ಹತ್ತು ಲಕ್ಷ ಕೋಟಿ ಎಂದುಕೊಂಡಿದ್ದರು. ಆದ್ದರಿಂದ ಹತ್ತಕ್ಕೆ ಒಂದು.

ಸುಮಾರು ನಲವತ್ತು ವರ್ಷ ಈ ಸಂಖ್ಯೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುತ್ತಲೇ ಇತ್ತು. 2016ರಲ್ಲಿ ಇಸ್ರೇಲ್‌ನ ರಾನ್ ಸೆಂಡರ್, ರಾನ್ ಮಿಲೋ ಮತ್ತು ಕೆನಡಾದ ಶೈ ಫುಕ್ಸ್ ಇದನ್ನು ಮತ್ತೆ ಲೆಕ್ಕ ಹಾಕಿದರು. ಬ್ಯಾಕ್ಟೀರಿಯಾ ಅಷ್ಟು ದಟ್ಟವಾಗಿರುವುದು ದೊಡ್ಡ ಕರುಳಿನಲ್ಲಿ ಮಾತ್ರ. ಜಠರ, ಸಣ್ಣ ಕರುಳುಗಳಲ್ಲಿ ತೀರಾ ಕಡಿಮೆ. ದೊಡ್ಡ ಕರುಳಿನ ಒಳಗಿರುವ ವಸ್ತು ಒಂದು ಕಿಲೋ ಅಲ್ಲ, ಸುಮಾರು 400 ಮಿಲಿಲೀಟರ್. ಇತ್ತ ದೇಹದ ಜೀವಕೋಶಗಳನ್ನು ಸರಿಯಾಗಿ ಎಣಿಸಿದರೆ, ಕೆಂಪು ರಕ್ತಕಣಗಳೇ ಅವುಗಳಲ್ಲಿ ಶೇ. 84ರಷ್ಟು. ಕೊನೆಗೆ ಸಿಕ್ಕ ಅಂದಾಜು: 70 ಕಿಲೋ ತೂಕದ ಯುವಕನಲ್ಲಿ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ಸ್ವಂತ ಜೀವಕೋಶ ಸುಮಾರು 30 ಲಕ್ಷ ಕೋಟಿ. ಅಂದರೆ ಹೆಚ್ಚು ಕಡಿಮೆ ಸರಿಸಮ. ಆ ಎಲ್ಲ ಬ್ಯಾಕ್ಟೀರಿಯಾಗಳ ತೂಕ ಸುಮಾರು 200 ಗ್ರಾಂ.

38 ಲಕ್ಷ ಕೋಟಿ ಎಂದರೆ ಎಷ್ಟು? 2022-23ರ ಕೇಂದ್ರ ಬಜೆಟ್‌ನ ಅಂದಾಜು ವೆಚ್ಚ 39.45 ಲಕ್ಷ ಕೋಟಿ ರೂಪಾಯಿ. ಒಂದು ದೇಶದ ಬಜೆಟ್‌ನಲ್ಲಿ ಎಷ್ಟು ರೂಪಾಯಿಗಳಿವೆಯೋ ಹತ್ತಿರ ಹತ್ತಿರ ಅಷ್ಟು ಜೀವಿಗಳು ಒಬ್ಬ ಮನುಷ್ಯನ ಒಳಗೆ. ಅಕೌಂಟೆನ್ಸಿ ಓದುವ ನಮಗೆ ಇಲ್ಲಿ ಒಂದು ಪಾಠವಿದೆ. ಎಷ್ಟು ಜನ ನಂಬಿದ್ದಾರೆ ಎನ್ನುವುದು ಸಂಖ್ಯೆಗೆ ಆಧಾರವಲ್ಲ, ವೋಚರ್ ಎಲ್ಲಿದೆ ಎಂದು ಕೇಳಬೇಕು.

ಹೆಸರನ್ನು ಓದುವುದು ಹೇಗೆ?

ಎಷ್ಟು ಎಂದು ಗೊತ್ತಾಯಿತು. ಯಾವ ಯಾವ ಜಾತಿ ಎಂದು ತಿಳಿಯುವುದು ಹೇಗೆ? ಕರುಳಿನ ಹಲವು ಬ್ಯಾಕ್ಟೀರಿಯಾಗಳು ಗಾಳಿಯಲ್ಲಿ ಬದುಕುವುದಿಲ್ಲ. ಪ್ರಯೋಗಾಲಯದಲ್ಲಿ ಅವನ್ನು ಬೆಳೆಸುವುದು ಕಷ್ಟ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರಂತೆ ಇನ್ನೊಂದು ಕಾಣುತ್ತದೆ.

ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಕಾರ್ಲ್ ವೋಸ್. ಅವರು ಪದವಿಯಲ್ಲಿ ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಆಮೇಲೆ ಜೀವಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ ಸೂಕ್ಷ್ಮಜೀವಿಗಳ ಕಡೆ ಬಂದರು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಒಂದು ಅಣು 16ಎಸ್ ಆರ್‌ಆರ್‌ಎನ್‌ಎ. ಅದರಲ್ಲಿ ಸುಮಾರು 1,500 ಅಕ್ಷರಗಳಿವೆ. ಕೆಲವು ಭಾಗ ಎಲ್ಲ ಜಾತಿಗಳಲ್ಲೂ ಒಂದೇ, ಕೆಲವು ಭಾಗ ಜಾತಿಯಿಂದ ಜಾತಿಗೆ ಬೇರೆ. ಆಧಾರ್ ಕಾರ್ಡಿನ ನಮೂನೆ ಎಲ್ಲರಿಗೂ ಒಂದೇ, ಒಳಗಿನ ಸಂಖ್ಯೆ ಮಾತ್ರ ಬೇರೆ ಇದ್ದ ಹಾಗೆ. ಇದನ್ನು ಹೋಲಿಸುತ್ತಾ ಹೋದ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್ಕಿಯಾ ಎಂಬ ಜೀವಿಗಳ ಒಂದು ಹೊಸ ಗುಂಪನ್ನೇ ಗುರುತಿಸಿದರು. ಅದುವರೆಗೆ ಅವನ್ನೂ ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು.

ಇಂದು ಮಲದ ಒಂದು ಚಿಕ್ಕ ಮಾದರಿಯಿಂದ ಎಲ್ಲ ಡಿಎನ್‌ಎ ತೆಗೆದು ಯಂತ್ರದಲ್ಲಿ ಓದಿಸುತ್ತಾರೆ. ಯಂತ್ರ ಕೊಡುವುದು ಲಕ್ಷಾಂತರ ಚಿಕ್ಕ ಚಿಕ್ಕ ತುಣುಕುಗಳನ್ನು. ನಾಲ್ಕು ಅಂಗಡಿಗಳ ಬಿಲ್ ಪುಸ್ತಕಗಳನ್ನು ಹರಿದು ಒಂದೇ ಗೋಣಿಚೀಲದಲ್ಲಿ ತುಂಬಿ, "ಯಾವ ಅಂಗಡಿಯದು ಎಷ್ಟು ಬಿಲ್ ಹೇಳು" ಎಂದರೆ ಹೇಗಿರುತ್ತದೋ ಹಾಗೆ. ಇದನ್ನು ವಿಂಗಡಿಸುವ ವಿದ್ಯೆಯೇ ಬಯೋಇನ್ಫರ್ಮ್ಯಾಟಿಕ್ಸ್. ವಿಂಗಡಿಸುವ ಕ್ರಮಕ್ಕೆ ಆಲ್ಗರಿದಂ ಎನ್ನುತ್ತಾರೆ. ಆ ಪದ ಬಂದಿರುವುದು ಒಂಬತ್ತನೇ ಶತಮಾನದಲ್ಲಿ ಬಗ್ದಾದ್‌ನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯವರ ಹೆಸರಿನಿಂದ. ಅವರ ಬೀಜಗಣಿತದ ಪುಸ್ತಕದಲ್ಲಿ ವಾರಸುದಾರರಿಗೆ ಆಸ್ತಿ ಪಾಲು ಮಾಡುವ ಲೆಕ್ಕಗಳಿಗೆ ದೊಡ್ಡ ಭಾಗವೇ ಮೀಸಲು. ಪಾಲಿನ ಲೆಕ್ಕ ನಮ್ಮ ಈ ವಿಷಯದಲ್ಲೂ ಬರುತ್ತದೆ.

ಶೇಕಡಾ ಮಾಡುವ ಮೋಸ

ಯಂತ್ರ ಹೇಳುವುದು ಯಾವ ಬ್ಯಾಕ್ಟೀರಿಯಾ ಶೇಕಡಾ ಎಷ್ಟು ಎಂದು ಮಾತ್ರ. ಒಟ್ಟು ಎಷ್ಟಿತ್ತು ಎಂದು ಹೇಳುವುದಿಲ್ಲ. ಇದರಲ್ಲಿ ಒಂದು ಅಪಾಯವಿದೆ.

ಒಂದು ಕಿರಾಣಿ ಅಂಗಡಿಯ ಉದಾಹರಣೆ ತೆಗೆದುಕೊಳ್ಳೋಣ. ಒಂದು ತಿಂಗಳಲ್ಲಿ ಅಕ್ಕಿ 40 ಸಾವಿರ, ಸಕ್ಕರೆ 40 ಸಾವಿರ, ಬೇಳೆ 20 ಸಾವಿರ ರೂಪಾಯಿ ವ್ಯಾಪಾರವಾಯಿತು. ಒಟ್ಟು ಒಂದು ಲಕ್ಷ. ಅಕ್ಕಿಯ ಪಾಲು ಶೇ. 40. ಮುಂದಿನ ತಿಂಗಳು ಹಬ್ಬ. ಸಕ್ಕರೆ ವ್ಯಾಪಾರ 1 ಲಕ್ಷ 40 ಸಾವಿರಕ್ಕೆ ಏರಿತು. ಅಕ್ಕಿ, ಬೇಳೆ ಹಾಗೆಯೇ ಇವೆ. ಒಟ್ಟು ಎರಡು ಲಕ್ಷ. ಈಗ ಅಕ್ಕಿಯ ಪಾಲು ಶೇ. 20. ಶೇಕಡಾ ಮಾತ್ರ ನೋಡಿದವನು "ಅಕ್ಕಿ ವ್ಯಾಪಾರ ಅರ್ಧಕ್ಕೆ ಬಿತ್ತು" ಎನ್ನುತ್ತಾನೆ. ನಿಜವಾಗಿ ಅಕ್ಕಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಕಾಮನ್ ಸೈಜ್ ಸ್ಟೇಟ್‌ಮೆಂಟ್ ಮಾಡುವಾಗ ನಮ್ಮ ಅಧ್ಯಾಪಕರು ಎಚ್ಚರಿಸುವುದು ಇದನ್ನೇ.

ಬ್ಯಾಕ್ಟೀರಿಯಾದಲ್ಲೂ ಹೀಗೆಯೇ. ಒಂದು ಜಾತಿ ಹೆಚ್ಚಾದರೆ ಉಳಿದವೆಲ್ಲ ಕಡಿಮೆಯಾದಂತೆ ಕಾಣುತ್ತವೆ. ಈ ರೀತಿಯ ಸುಳ್ಳು ಸಂಬಂಧದ ಬಗ್ಗೆ ಕಾರ್ಲ್ ಪಿಯರ್ಸನ್ 1897ರಲ್ಲೇ ಎಚ್ಚರಿಸಿದ್ದರು. ಸಹಸಂಬಂಧ ಗುಣಾಂಕ ಕಲಿಯುವಾಗ ನಾವು ಓದುವ ಪಿಯರ್ಸನ್ ಇವರೇ. ಪರಿಹಾರ ಹೇಳಿದವರು ಸ್ಕಾಟ್ಲೆಂಡಿನ ಜಾನ್ ಐಚಿಸನ್, 1980ರ ದಶಕದಲ್ಲಿ. ಪಾಲನ್ನು ನೋಡಬೇಡಿ, ಎರಡು ಪಾಲುಗಳ ಅನುಪಾತವನ್ನು ನೋಡಿ ಎಂದರು. ನಮ್ಮ ಅಂಗಡಿಯಲ್ಲಿ ಅಕ್ಕಿ ಮತ್ತು ಬೇಳೆಯ ಅನುಪಾತ ಮೊದಲ ತಿಂಗಳು 40ಕ್ಕೆ 20, ಎರಡನೇ ತಿಂಗಳು ಶೇಕಡಾದಲ್ಲಿ 20ಕ್ಕೆ 10. ಎರಡೂ ಸಲ 2ಕ್ಕೆ 1. ಸಕ್ಕರೆ ಎಷ್ಟೇ ಕುಣಿದರೂ ಅದು ಬದಲಾಗಲಿಲ್ಲ. ಐಚಿಸನ್ ಈ ಅನುಪಾತಗಳ ಲಾಗರಿದಂ ತೆಗೆದು ಲೆಕ್ಕ ಮುಂದುವರಿಸಿದರು. ಇಂದು ಮೈಕ್ರೋಬಯೋಮ್ ಸಂಶೋಧಕರು ಈ ವಿಧಾನವನ್ನು ಬಳಸುತ್ತಾರೆ.

ಹಡಗಲಿಯಲ್ಲಿ ಹುಟ್ಟಿದ ಗಣಿತಜ್ಞ

ಹೊನ್ನಾಳಿಯನ್ನು ಮುಟ್ಟಿಕೊಂಡು ಹರಿಯುವ ತುಂಗಭದ್ರೆ ಹರಿಹರ ದಾಟಿ ಮುಂದೆ ಹೂವಿನ ಹಡಗಲಿ ತಾಲ್ಲೂಕಿನ ದಡವನ್ನು ಮುಟ್ಟುತ್ತದೆ. ಆ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ತೆಲುಗು ಮನೆಮಾತಿನ ಒಂದು ಕುಟುಂಬದಲ್ಲಿ ಸಿ. ಆರ್. ರಾವ್ ಹುಟ್ಟಿದರು. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಕುಟುಂಬ ಮುಂದೆ ಆಂಧ್ರದ ಊರುಗಳಿಗೆ ಹೋಯಿತು. ರಾವ್ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಎಂ.ಎ. ಮಾಡಿದರು. ಎರಡನೇ ಮಹಾಯುದ್ಧದ ಕಾಲ. ಸೇನೆಯಲ್ಲಿ ಗಣಿತಜ್ಞನ ಕೆಲಸಕ್ಕಾಗಿ ಕಲ್ಕತ್ತಕ್ಕೆ ಹೋದರು, ವಯಸ್ಸು ಸಾಲದೆಂದು ಸಿಗಲಿಲ್ಲ. ಅಲ್ಲಿಯೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಗ್ಗೆ ತಿಳಿದು 1941ರ ಆರಂಭದಲ್ಲಿ ತರಬೇತಿಗೆ ಸೇರಿದರು. ಸಿಗದ ಒಂದು ಕೆಲಸ ಅವರನ್ನು ಸಂಖ್ಯಾಶಾಸ್ತ್ರಕ್ಕೆ ತಂದಿತು.

1945ರಲ್ಲಿ, ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ, ಅವರು ಪ್ರಕಟಿಸಿದ ಒಂದು ಲೇಖನ ಇಂದಿಗೂ ಜಗತ್ತಿನ ಸಂಖ್ಯಾಶಾಸ್ತ್ರ ಪುಸ್ತಕಗಳಲ್ಲಿ ಕ್ರಾಮರ್–ರಾವ್ ಮಿತಿ ಎಂಬ ಹೆಸರಿನಲ್ಲಿ ಇದೆ. 1946ರಲ್ಲಿ ಕೇಂಬ್ರಿಡ್ಜ್‌ಗೆ ಹೋದದ್ದು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಸುಡಾನ್‌ನಿಂದ ತಂದ ಪುರಾತನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು. ಗಣಿತ ಓದಿದವರಿಗೆ ಮೂಳೆಯ ಕೆಲಸ! ಆದರೆ ಆ ಕೆಲಸದ ಒಳಗೆ ಇದ್ದ ಪ್ರಶ್ನೆ ದೊಡ್ಡದು. ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ಇರುವ ಅಂತರವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಯನ್ನು ಅವರು ಬಿಡಲಿಲ್ಲ. 1982ರಲ್ಲಿ ವೈವಿಧ್ಯವನ್ನು ಅಳೆಯುವ ಒಂದು ಸೂತ್ರದ ಬಗ್ಗೆ ಲೇಖನ ಬರೆದರು. ಅದನ್ನು ಇಂದು ರಾವ್ ಅವರ ಕ್ವಾಡ್ರಾಟಿಕ್ ಎಂಟ್ರಪಿ ಎಂದು ಕರೆಯುತ್ತಾರೆ.

ವೈವಿಧ್ಯವನ್ನು ಅಳೆಯುವುದು

ಮೊದಲು ಹಳೆಯ ಸೂತ್ರ ನೋಡೋಣ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತಲಿಪಿ ಒಡೆಯುವ ಕೇಂದ್ರದಲ್ಲಿ ದುಡಿದಿದ್ದ ಎಡ್ವರ್ಡ್ ಸಿಂಪ್ಸನ್ 1949ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು. ಒಂದು ಗುಂಪಿನಿಂದ ಕಣ್ಣುಮುಚ್ಚಿ ಎರಡನ್ನು ಆರಿಸಿದರೆ ಎರಡೂ ಒಂದೇ ಜಾತಿಯದಾಗುವ ಸಂಭವನೀಯತೆ ಎಷ್ಟು? ಅದನ್ನು ಒಂದರಿಂದ ಕಳೆದರೆ ವೈವಿಧ್ಯದ ಅಳತೆ.

ಚನ್ನಗಿರಿ ಕಡೆಯ ಒಂದು ತೋಟದಲ್ಲಿ ನೂರಕ್ಕೆ 90 ಅಡಿಕೆ, 10 ಬಾಳೆ ಎಂದುಕೊಳ್ಳಿ. ಎರಡೂ ಒಂದೇ ಆಗುವ ಸಂಭವ 0.81 ಮತ್ತು 0.01 ಕೂಡಿ 0.82. ವೈವಿಧ್ಯ 0.18. ಜಗಳೂರು ಕಡೆಯ ಮಳೆಯಾಶ್ರಿತ ಹೊಲದಲ್ಲಿ ನಾಲ್ಕು ಬೆಳೆ ಸಮನಾಗಿ ಇವೆ ಎಂದುಕೊಳ್ಳಿ. ಒಂದೇ ಆಗುವ ಸಂಭವ 0.25. ವೈವಿಧ್ಯ 0.75. ತೋಟ ಹಸಿರಾಗಿ ಕಂಡರೂ ವೈವಿಧ್ಯದಲ್ಲಿ ಒಣ ಹೊಲವೇ ಮುಂದು.

ಆದರೆ ಈ ಅಳತೆಯಲ್ಲಿ ಒಂದು ಕೊರತೆ ಇದೆ. ನ್ಯಾಮತಿಯ ಒಬ್ಬ ರೈತ ಅರ್ಧ ರಾಗಿ, ಅರ್ಧ ನವಣೆ ಬೆಳೆದ. ಇನ್ನೊಬ್ಬ ಅರ್ಧ ರಾಗಿ, ಅರ್ಧ ತೊಗರಿ ಬೆಳೆದ. ಸಿಂಪ್ಸನ್ ಅಳತೆಯಲ್ಲಿ ಇಬ್ಬರಿಗೂ 0.5. ಆದರೆ ರಾಗಿ, ನವಣೆ ಎರಡೂ ಸಿರಿಧಾನ್ಯ, ಹತ್ತಿರದ ಸಂಬಂಧಿಗಳು. ತೊಗರಿ ಬೇಳೆಕಾಳು, ಬೇರೆಯೇ ಕುಲ. ಎರಡನೇ ಹೊಲ ಹೆಚ್ಚು ವೈವಿಧ್ಯವಲ್ಲವೇ?

ರಾವ್ ಮಾಡಿದ್ದು ಇದನ್ನೇ. ಎರಡನ್ನು ಆರಿಸಿದಾಗ ಅವು ಬೇರೆಯೇ ಎಂದು ಕೇಳಿ ಬಿಡಬೇಡಿ, ಎಷ್ಟು ಬೇರೆ ಎಂದೂ ಕೇಳಿ ಎಂದರು. ರಾಗಿ–ನವಣೆ ಅಂತರ 0.2, ರಾಗಿ–ತೊಗರಿ ಅಂತರ 1 ಎಂದು ಇಟ್ಟುಕೊಳ್ಳೋಣ. ಎರಡು ಬೇರೆ ಬೆಳೆ ಸಿಗುವ ಸಂಭವ ಎರಡೂ ಹೊಲದಲ್ಲಿ 0.5. ಅದನ್ನು ಅಂತರದಿಂದ ಗುಣಿಸಿದರೆ ಮೊದಲ ಹೊಲಕ್ಕೆ 0.1, ಎರಡನೆಯದಕ್ಕೆ 0.5. ಎಲ್ಲ ಅಂತರಗಳೂ 1 ಆಗಿದ್ದರೆ ರಾವ್ ಸೂತ್ರ ಸಿಂಪ್ಸನ್ ಸೂತ್ರವೇ ಆಗಿಬಿಡುತ್ತದೆ.

ಈಗ ಹೊಲದ ಬದಲು ಕರುಳು, ಬೆಳೆಯ ಬದಲು ಬ್ಯಾಕ್ಟೀರಿಯಾ, ಅಂತರದ ಜಾಗದಲ್ಲಿ ಅವುಗಳ ಡಿಎನ್‌ಎ ಎಷ್ಟು ಬೇರೆ ಎಂಬುದನ್ನು ಇಡಿ. ಮೈಕ್ರೋಬಯೋಮ್ ಅಧ್ಯಯನದಲ್ಲಿ ಈ ಸೂತ್ರ ಹೀಗೆ ಬಳಕೆಯಾಗುತ್ತದೆ. ರಾವ್ ಅವರಿಗೆ 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ 2023ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಆಗ ಅವರಿಗೆ 102 ವರ್ಷ.

ವೈವಿಧ್ಯ ಕಳೆದುಹೋದಾಗ

ಈ ಲೆಕ್ಕದಿಂದ ಯಾರಿಗೆ ಉಪಯೋಗ ಎಂದು ಕೇಳಬಹುದು. ಆಂಟಿಬಯಾಟಿಕ್ ಮಾತ್ರೆ ರೋಗಾಣುವಿನ ಜೊತೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆಗ ಖಾಲಿಯಾದ ಜಾಗದಲ್ಲಿ ಕೆಲವರಿಗೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ತುಂಬಿಕೊಂಡು ಭೇದಿ ನಿಲ್ಲುವುದೇ ಇಲ್ಲ. ನೆದರ್ಲೆಂಡ್ಸ್‌ನ ವೈದ್ಯರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ರೋಗಿಗಳ ಕರುಳಿಗೆ ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರಾವಣವನ್ನು ಹಾಯಿಸಿದರು. ಓದಿ ಮುಖ ಸಿಂಡರಿಸಬೇಡಿ, ಫಲಿತಾಂಶ ನೋಡಿ. ಒಂದೇ ಸಲದ ಚಿಕಿತ್ಸೆಗೆ 16 ಜನರಲ್ಲಿ 13 ಜನ ಗುಣವಾದರು. ಬರೀ ಆಂಟಿಬಯಾಟಿಕ್ ಪಡೆದ 13 ಜನರಲ್ಲಿ ಗುಣವಾದವರು 4. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಗುಣವಾದವರ ಕರುಳಿನ ವೈವಿಧ್ಯ ಆರೋಗ್ಯವಂತರಷ್ಟೇ ಆಯಿತು. ಅದನ್ನು ಅಳೆಯಲು ಬಳಸಿದ್ದು ಸಿಂಪ್ಸನ್ ಸೂತ್ರವನ್ನೇ.

ಇದನ್ನು ಓದುವಾಗ ನನಗೆ ನಮ್ಮ ಮನೆಯ ಕಪಾಟು ನೆನಪಾಯಿತು. ಕಳೆದ ವರ್ಷ ತಂಗಿಗೆ ಜ್ವರ ಬಂದಾಗ ವೈದ್ಯರ ಚೀಟಿ ಇಲ್ಲದೆ ಮಾತ್ರೆ ತಂದವನು ನಾನೇ. ಎರಡು ದಿನಕ್ಕೆ ಜ್ವರ ಇಳಿಯಿತು, ಮಾತ್ರೆ ನಿಲ್ಲಿಸಿದೆವು. ಉಳಿದದ್ದನ್ನು ಅಮ್ಮಿ ಡಬ್ಬಿಯಲ್ಲಿ ಇಟ್ಟರು, ಮುಂದಿನ ಸಲಕ್ಕೆ ಬೇಕಾಗುತ್ತದೆ ಎಂದು. ಆಮೇಲೆ ಒಂದು ವಾರ ತಂಗಿಯ ಹೊಟ್ಟೆ ಸರಿ ಇರಲಿಲ್ಲ. ಕಾರಣ ಅದೇ ಎಂದು ನಾನು ಸಾಧಿಸಿ ಹೇಳಲಾರೆ. ಒಬ್ಬರ ಒಂದು ಘಟನೆಯಿಂದ ಕಾರಣ ಹೇಳಬಾರದು ಎನ್ನುವುದೂ ಸಂಖ್ಯಾಶಾಸ್ತ್ರವೇ. ಆದರೆ ಆ ಡಬ್ಬಿ ಈಗ ನಮ್ಮ ಮನೆಯಲ್ಲಿ ಇಲ್ಲ. ವೈರಸ್‌ನಿಂದ ಬರುವ ನೆಗಡಿ, ಜ್ವರಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ವೈದ್ಯರು ಹೇಳಿದಾಗ, ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಅಮ್ಮಿಗೆ ಇದನ್ನು ಉರ್ದುವಿನಲ್ಲಿ ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಈ ಲೇಖನ ಬರೆಯುವುದಕ್ಕಿಂತ ಅದೇ ಕಷ್ಟ.

ನಮ್ಮ ಹೊಟ್ಟೆ ಯಾರ ಲೆಕ್ಕದಲ್ಲಿದೆ?

ಅಮೆರಿಕ 2007ರಲ್ಲಿ ಹ್ಯೂಮನ್ ಮೈಕ್ರೋಬಯೋಮ್ ಪ್ರಾಜೆಕ್ಟ್ ಆರಂಭಿಸಿತು. 2012ರಲ್ಲಿ 242 ಆರೋಗ್ಯವಂತರ ವಿವರ ಪ್ರಕಟವಾಯಿತು. ಆರೋಗ್ಯವಂತರಲ್ಲೂ ಬ್ಯಾಕ್ಟೀರಿಯಾಗಳು ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ, ಆದರೆ ಅವು ಮಾಡುವ ಕೆಲಸ ಹೆಚ್ಚು ಕಡಿಮೆ ಒಂದೇ ಎಂದು ಅದರಿಂದ ತಿಳಿಯಿತು. ಅವರೆಲ್ಲರೂ ಅಮೆರಿಕದಲ್ಲಿ ಇದ್ದವರು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಸಾರ್ವಜನಿಕ ಮೈಕ್ರೋಬಯೋಮ್ ಮಾಹಿತಿಯನ್ನೆಲ್ಲ ಎಣಿಸಿತು. ಯಾವ ದೇಶದ್ದೆಂದು ಗೊತ್ತಿರುವ ಮಾದರಿಗಳಲ್ಲಿ ಶೇ. 70ಕ್ಕಿಂತ ಹೆಚ್ಚು ಯುರೋಪ್, ಅಮೆರಿಕ ಮತ್ತು ಕೆನಡಾದವು.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಪಕ್ಷಪಾತದ ಮಾದರಿ ಎನ್ನುತ್ತಾರೆ. ಬ್ರೆಡ್ಡು, ಚೀಸ್ ತಿನ್ನುವ ಕರುಳನ್ನು ನೋಡಿ "ಆರೋಗ್ಯವಂತ ಹೊಟ್ಟೆ ಹೀಗಿರುತ್ತದೆ" ಎಂದು ಬರೆದರೆ, ಜಗಳೂರಿನಲ್ಲಿ ರಾಗಿಮುದ್ದೆ, ಜೋಳದ ರೊಟ್ಟಿ ತಿನ್ನುವ ಹೊಟ್ಟೆಗೆ ಅದು ಸರಿಹೊಂದಬೇಕೆಂದಿಲ್ಲ. ಆ ಅಳತೆಯಲ್ಲೇ ಔಷಧಿ ತಯಾರಾದರೆ ನಷ್ಟ ನಮಗೆ.

ಭಾರತದಲ್ಲಿ ಈ ಕೆಲಸ ನಡೆದಿದೆ. ಶರ್ಮಿಳಾ ಮಂಡೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವರು. ಆಮೇಲೆ ಪುಣೆಯ ಟಿಸಿಎಸ್ ಸಂಶೋಧನಾ ವಿಭಾಗದಲ್ಲಿ ಮೈಕ್ರೋಬಯೋಮ್ ತಂಡವನ್ನು ಕಟ್ಟಿದರು. 2014ರಲ್ಲಿ ಅವರ ತಂಡ ಬೇರೆ ಬೇರೆ ಪೌಷ್ಟಿಕ ಮಟ್ಟದ 20 ಗ್ರಾಮೀಣ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿತು. ಪೌಷ್ಟಿಕತೆ ಕಡಿಮೆಯಾದಂತೆ ಉಪಯುಕ್ತ ಬ್ಯಾಕ್ಟೀರಿಯಾ ಕಡಿಮೆ, ರೋಗ ತರಬಲ್ಲವು ಹೆಚ್ಚು ಎಂದು ಕಂಡುಬಂತು. ಅಪೌಷ್ಟಿಕ ಮಗುವಿಗೆ ಊಟ ಕೊಟ್ಟರೂ ಮೈ ಹತ್ತುವುದಿಲ್ಲ ಎಂದು ಅಜ್ಜಿಯರು ಹೇಳುವ ಮಾತಿಗೆ ಒಂದು ಕಾರಣ ಇಲ್ಲಿರಬಹುದು. 20 ಮಕ್ಕಳು ಎಂದರೆ ಚಿಕ್ಕ ಮಾದರಿ. ಮುಂದಿನ ಲೆಕ್ಕವನ್ನು ಯಾರಾದರೂ ಮಾಡಬೇಕು.

ಕೊನೆಯ ಮಾತು

ವೋಸ್ ಗಣಿತ ಓದಿ ಬಂದರು, ಮಂಡೆ ಭೌತಶಾಸ್ತ್ರ ಓದಿ ಬಂದರು. ಅಮೆರಿಕದ ಕ್ಯಾಥರೀನ್ ಪೊಲಾರ್ಡ್ ಪದವಿಯಲ್ಲಿ ಗಣಿತದ ಜೊತೆ ಮಾನವಶಾಸ್ತ್ರ ಓದಿ, ಜೀವಸಂಖ್ಯಾಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ, ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಜೀನ್‌ಗಳನ್ನು ಅಧ್ಯಯನ ಮಾಡುತ್ತಿದ್ದಾರೆ. ವಿಭಾಗಗಳ ನಡುವಿನ ಗೋಡೆ ನಾವು ಅಂದುಕೊಂಡಷ್ಟು ಎತ್ತರವಿಲ್ಲ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಎಸ್ಸೆಸ್ಸೆಲ್ಸಿ ಆದ ಮೇಲೆ "ಇನ್ನು ಗಣಿತ ತಪ್ಪಿತು" ಎಂದು ಖುಷಿಯಿಂದ ಕಾಮರ್ಸ್ ಸೇರಿದವರಲ್ಲಿ ನಾನೂ ಒಬ್ಬ. ಗಣಿತ ಬಿಟ್ಟಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಆಗ ಯಾರೂ ಎಣಿಸಿ ತೋರಿಸಲಿಲ್ಲ. ನನ್ನ ಕೈಯಲ್ಲಿ ಉಳಿದಿರುವುದು ಸಂಖ್ಯಾಶಾಸ್ತ್ರ ಒಂದೇ, ಅದನ್ನು ಈಗ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಪ್ರಥಮ ಪಿಯುಸಿಗೆ ಸೇರುವ ತಮ್ಮ ತಂಗಿಯರು ವಿಷಯ ಆರಿಸುವ ಮೊದಲು ಒಂದು ದಿನ ಯೋಚಿಸಲಿ. ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಕಷ್ಟ ಎಂದು ಹೆದರಿ ಬಿಡಬೇಡಿ. ನಮ್ಮ ನಾಲ್ಕು ತಾಲ್ಲೂಕಿನ ಹೊಟ್ಟೆಗಳ ಲೆಕ್ಕ ಇನ್ನೂ ಬಾಕಿ ಇದೆ. ಅದನ್ನು ಬರೆಯುವವರು ನಮ್ಮ ಬೆಂಚಿನಿಂದಲೇ ಎದ್ದು ಹೋಗಲಿ ಎಂಬುದು ನನ್ನ ಆಸೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ